ಒಂದೊಂದೇ ಅಕ್ಷರ

ಬೀಗದಂಗಡಿಯವನು ಗಲ್ಲಾದ ಮರೆಯಲ್ಲಿ ಮೊಬೈಲು ನೋಡುತ್ತಿದ್ದ. ಮನೆಯ ಕಂಪ್ಯೂಟರಿನಲ್ಲಿ ಹೆಂಡತಿ ಒತ್ತುವ ಒಂದೊಂದು ಅಕ್ಷರವೂ ಅಲ್ಲಿ ಮೂಡುತ್ತಿತ್ತು.

ವೈರಸ್ ತಡೆಯುವ ಪ್ರೋಗ್ರಾಮ್ ಎಂದು ಹೇಳಿ ಅದನ್ನು ಹಾಕಿದವನು ಅವನೇ. ಊರಿಗೆಲ್ಲ ಬೀಗ ಮಾರುವವನಿಗೆ ಸ್ವಂತ ಮನೆಯವರ ಮೇಲೆ ನಂಬಿಕೆಯಿರಲಿಲ್ಲ. ಹೆಂಡತಿ ಮನೆಯಲ್ಲೇ ಟೈಪಿಂಗ್ ಮಾಡುವವಳು. ಅವಳ ಬೆರಳಿನ ವೇಗ ಕಂಡು, ಅವಳ ಅಕ್ಕನ ಊರಿನ ಪತ್ರಿಕೆಯೊಂದು ಕೆಲಸಕ್ಕೆ ಕರೆದಿತ್ತು. ಕಳಿಸುವುದಿಲ್ಲವೆಂದು ಇವನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ. ಸೇರಲು ಇಂದೇ ಕೊನೆ. ಈ ದಿನ ಕಳೆದರೆ ಅವಳು ಎಲ್ಲಿಗೂ ಹೋಗುವಂತಿಲ್ಲ.

"ಅಕ್ಕಾ" ಎಂದು ಮೂಡಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದಕ್ಷರ, ಅದನ್ನೂ ಅಳಿಸಿ ಇನ್ನೊಂದು. ಕಂಪ್ಯೂಟರು ಆಮೆಯಾಗಿತ್ತು. ಕಳೆದ ವಾರ ಇದೇ ಕಾರಣಕ್ಕೆ ಅಮ್ಮ ರಿಪೇರಿಯವನನ್ನು ಕರೆಸಿದ್ದಳು. ಎಲ್ಲ ಸರಿಯಿದೆ ಅಂದನಂತೆ. ದಂಡಪಿಂಡ, ವೈರಸ್ಸನ್ನು ಅಲ್ಲೇ ಬಿಟ್ಟು ಹೋಗಿದ್ದಾನೆ ಎಂದು ಬೈದುಕೊಂಡ.

"ಬಸ್ಸು ಎಷ್ಟು ಹೊತ್ತಿಗೆ?"

ಅವನು ಕೂಡಲೇ ಅಮ್ಮನಿಗೆ ಫೋನು ಮಾಡಿ, ಅವಳೇನಾದರೂ ಹೊರಟಿದ್ದಾಳಾ ಎಂದು ಕೇಳಿದ.

ಅಮ್ಮ ಕೊಂಚ ತಡೆದಳು. "ಕಂಪ್ಯೂಟರ್ ಮುಂದೆ ಕೂತವರು ಬೆಳಗ್ಗೆಯಿಂದ ಎದ್ದೇ ಇಲ್ಲ ಕಣೋ. ಯಾಕೆ ಕೇಳ್ದೆ?"

"ಸುಮ್ನೆ."

ಮಾತಾಡುವಷ್ಟು ಹೊತ್ತೂ ಒಂದಕ್ಷರ ಮೂಡಿರಲಿಲ್ಲ. ಹೆಂಡತಿ ಕಿವಿ ನಿಮಿರಿಸಿಕೊಂಡು ಕೂತಿರಬೇಕು ಅಂದುಕೊಂಡ.

ಆಮೇಲೆ ತಡವರಿಸುತ್ತ ಬಂತು: "ಬೇಡ ಅಕ್ಕಾ. ನಾನು ಬರುವುದಿಲ್ಲ. ಕೆಲಸವೂ ಬೇಡ."

ಹೋದ ಜೀವ ಬಂದಂತಾಯಿತು. ಮುಂದಿನ ಗಿರಾಕಿಗೆ ಬೀಗದ ಜೊತೆ ಎಣ್ಣೆಯ ಡಬ್ಬಿಯನ್ನೂ ಪುಕ್ಕಟೆ ಕೊಟ್ಟ. ಸಂಜೆಯವರೆಗೂ ಅಕ್ಷರಗಳು ಬರುತ್ತಲೇ ಇದ್ದವು. ಬಟ್ಟೆ ಒಣಗಿಲ್ಲ, ನಲ್ಲಿ ಸೋರುತ್ತಿದೆ. ಮಿಕ್ಕಿದ್ದೆಲ್ಲ ಅತ್ತೆಯ ಮಂಡಿನೋವಿನ ಪುರಾಣ. ಅತ್ತೆಯ ಮೇಲೆ ಅವಳಿಗೆ ಇಷ್ಟೊಂದು ಕಾಳಜಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಮನಸ್ಸು ಕರಗಿ, ಅವಳಿಗಿಷ್ಟವಾದ ದ್ರಾಕ್ಷಿ ಕಟ್ಟಿಸಿಕೊಂಡು ಮನೆಗೆ ಬಂದ.

ಕೋಣೆಯಿಂದ ಕೀಲಿ ಒತ್ತುವ ಸದ್ದು ಬರುತ್ತಿತ್ತು. ಟಕ್. ಆಮೇಲೆ ಮೌನ. ಮತ್ತೆ ಟಕ್. ಅವನು ಮೆಲ್ಲಗೆ ಬಾಗಿಲು ತಳ್ಳಿದ.

ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತ ಅಮ್ಮ ಕೂತಿದ್ದಳು.

"ಅವಳು ಬೆಳಗ್ಗೆಯೇ ಹೋಗಿ ಕೆಲಸಕ್ಕೆ ಸೇರಿಕೊಂಡ್ಲು," ಅಂದಳು, ತಿರುಗದೆ. "ಇದರಲ್ಲಿ ಒತ್ತಿದ್ದೆಲ್ಲ ನಿನಗೆ ಕಾಣುತ್ತೆ ಅಂತ ರಿಪೇರಿಯವನು ಹೇಳಿದಾಗ, ನನ್ನ ಮಗ ಅಂಥವನಲ್ಲ ಅಂದಿದ್ದೆ ಕಣೋ. ನೀನೇ ಫೋನು ಮಾಡಿಬಿಟ್ಟೆ."