ಕಾಕಾನ ಚೌಕಳಿ ಕಿಲ್ಟು

ಹೊಸ ಉಣ್ಣೆಬಟ್ಟೆಯ ವಾಸನೆ ಈಗಲೂ ನನ್ನನ್ನು ಸೊಲ್ಲಾಪುರದ ಆ ಅಂಗಡಿಗೆ ಕರೆದೊಯ್ಯುತ್ತದೆ.

ಅಕ್ಕಲಕೋಟೆಯ ಅರಮನೆ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುವ ಕೆಲಸ ನಮ್ಮ ಕಾಕಾನಿಗೆ ಸಿಕ್ಕಿತ್ತು. ಆದರೆ ಸ್ಕಾಟ್‌ಲೆಂಡಿನ ಸೈನಿಕರು ಉಡುವಂಥ, ಮಂಡಿಯುದ್ದದ ಲಂಗದಂಥ ನೆರಿಗೆಯ ಕಿಲ್ಟನ್ನು ಅವನೇ ಹೊಲಿಸಿಕೊಳ್ಳಬೇಕಿತ್ತು. ಅವನ ಹೆಂಡತಿ, ನಮ್ಮ ಕಾಕು, ತನ್ನ ದೀಪಾವಳಿ ಸೀರೆಗೆ ಕೂಡಿಟ್ಟ ಹಣ ತಂದಿದ್ದಳು; ನಾನೂ ಜೊತೆಗಿದ್ದೆ.

ಅಂಗಡಿಯವನು ಹಸಿರು-ನೀಲಿ ಚೌಕಳಿಯ ವಿಲಾಯತಿ ಉಣ್ಣೆಯನ್ನು ಬಿಚ್ಚಿದ. ಕಾಕಾ ಮಾತ್ರ ಅಗ್ಗದ ಹತ್ತಿಬಟ್ಟೆಯನ್ನು ತೋರಿಸಿದ.

“ಇದ ಸಾಕು. ನೆರಿಗಿ ಉಟ್ಟು ಮಂದ್ಯಾಗ ನಿಲ್ಲಾಕ ಮದಲ ನಾಚಿಕಿ ಬರ್ತೈತಿ.”

ಕಾಕು ಎರಡೂ ಬಟ್ಟೆಗಳನ್ನು ಬೆರಳಲ್ಲಿ ನೆರಿಗೆ ಹಿಡಿದು ಬಿಟ್ಟಳು. ಹತ್ತಿ ಮುದುಡಿತು. ಉಣ್ಣೆ ನೆಟ್ಟಗೆ, ಭಾರವಾಗಿ ಇಳಿಯಿತು.

“ನೆರಿಗಿ ಉಟ್ಟ ನಾವು ಹೆಣ್ಮಕ್ಕಳು ಹೊಲದಾಗ ಕಳಿ ತಗೀತೀವಿ, ನೀರ ಹೊರ್ತೀವಿ. ನಿಮಗ ನಡ್ಯಾಕ ಆಗಂಗಿಲ್ಲೇನ್ರಿ?”

ಹಾಗೆಂದು ಉಣ್ಣೆಯನ್ನು ಅವನ ಧೋತರದ ಮೇಲೆಯೇ ಸುತ್ತಿ, ಮಂಡಿಯೂರಿ ಒಂದೊಂದೇ ನೆರಿಗೆ ಕೂರಿಸಿ ಸೊಂಟಕ್ಕೆ ಸಿಕ್ಕಿಸಿದಳು. ಬೀದಿಯ ಗಂಡಸರು ಬಾಗಿಲಲ್ಲಿ ಗುಂಪುಗೂಡಿ ನಗತೊಡಗಿದರು. ಕಾಕಾ ಕೆಂಪಾದ. ಆದರೂ ಬೆನ್ನು ನೆಟ್ಟಗೆ ಮಾಡಿ, ಅವರ ನಡುವೆಯೇ ದಾಪುಗಾಲು ಹಾಕಿ ಹೊರಗೆ ನಡೆದ. ನೆರಿಗೆಗಳು ಅವನೊಂದಿಗೆ ಬೀಸಿ ತೂಗಿದವು. ನಗು ನಿಂತಿತು.

“ಯಾರ್ರಿ ಅವರು?” ಎಂದೊಬ್ಬ ಕೇಳಿದ.

“ನಮ್ಮನಿಯವರ್ರಿ,” ಎಂದಳು ಕಾಕು, “ಅರಮನಿ ಬ್ಯಾಂಡಿನವರು.”