ನಲ್ವತ್ತನೆಯ ದನ

“ಸರಾಸರಿ ಬೇರೆ ಬರ್ತದೆ,” ಎಂದು ಪ್ರೇಮಾವತಿ ಮೇಡಂ ಪೆನ್ಸಿಲ್ ಕೆಳಗಿಟ್ಟರು. ಸಾತ್ವಿಕಾ ಹಲ್ಲು ಕಚ್ಚಿದಳು. ಮೇಡಂ ಕೂತಲ್ಲೇ ಬಟನ್ ಒತ್ತಿದರೆ ಸಾಕೆಂದು, ಅಂಕಿಅಂಶದ ಸಾಫ್ಟ್‌ವೇರನ್ನು ಕಾಲೇಜಿನ ಸರ್ವರ್‌ಗೆ ಏರಿಸಿ ವೆಬ್ ಪೇಜ್ ಕಟ್ಟಲು ಅವಳಿಗೆ ಮೂರು ವಾರ ಹಿಡಿದಿತ್ತು. ಇವರು ಇನ್ನೂ ಪೆನ್ಸಿಲ್ ಬಿಟ್ಟಿಲ್ಲ!

“ಮೇಡಂ, ಸರ್ವರಿನ ಲೆಕ್ಕ ತಪ್ಪುವುದಿಲ್ಲ.”

“ಇರಬಹುದು ಮಾರಾಯ್ತಿ. ಆದ್ರೆ ನಾನು ನಾರಾವಿಯಲ್ಲಿ ಹಾಲು ಅಳೆದದ್ದು ನಲ್ವತ್ತು ದನಗಳದ್ದು. ನಿನ್ನ ಪೇಜಲ್ಲಿ ಮೂವತ್ತೊಂಬತ್ತೇ ಉಂಟು.”

ಸಾತ್ವಿಕಾ ಸಿಡುಕುತ್ತ ಪರದೆಯನ್ನು ಅವರತ್ತ ತಿರುಗಿಸಿ ಬೆರಳೆತ್ತಿದಳು. ಬೆರಳು ಅಲ್ಲೇ ನಿಂತಿತು. ಮೇಡಂ ತಾವು ಏರಿಸಿದ್ದ ದನಗಳ ಪಟ್ಟಿಗೆ ತಲೆಬರಹ ಹಾಕಿರಲಿಲ್ಲ. ಮೊದಲ ಸಾಲನ್ನು ತಲೆಬರಹವೆಂದೇ ತಿಳಿಯಲು ಸರ್ವರ್‌ಗೆ ಕಲಿಸಿದವಳು ಅವಳೇ. ‘ದನ’, ‘ಹಾಲು’ ಎಂದಿರಬೇಕಾದ ಜಾಗದಲ್ಲಿ ದಪ್ಪಕ್ಷರದಲ್ಲಿ ಪಟ್ಟಿಯ ಮೊದಲ ದನದ ಹೆಸರೇ ಮೂಡಿತ್ತು: ಬೊಳ್ಳಿ, ಒಂಬತ್ತು ಲೀಟರ್.