ನಾಲ್ಕು ನಿಂಬೆಹಣ್ಣು

ಬೆಲೆ ಏರಿದಾಗ ಮಾರಲೆಂದು ಅಪರೂಪದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರನ್ನು ಮೂವತ್ತು ಲಕ್ಷಕ್ಕೆ ಕೊಂಡ ದಿನವೇ ಅವನ ನೆಮ್ಮದಿ ಕೆಟ್ಟಿತು. ತೆರಿಗೆಯವರ ಕಣ್ಣಿಗೆ ಬೀಳಬಾರದೆಂದು ಅದನ್ನು ಹೆಂಡತಿಯ ಹೆಸರಿಗೆ ಮಾಡಿಸಿದ್ದ. ಓಡಿಸಿದರೆ ಕಿಲೋಮೀಟರ್ ಏರಿ ಬೆಲೆ ಇಳಿಯುತ್ತದೆಂದು ಓಡಿಸಲಿಲ್ಲ. ಬಣ್ಣಕ್ಕೆ ಗೀರು ಬಿದ್ದೀತೆಂದು ಹೊದಿಸಿದ ಕವರನ್ನೂ ಎತ್ತಲಿಲ್ಲ. ಕಾರು ನೆರಳಿನಲ್ಲಿ ತಣ್ಣಗಿತ್ತು. ಅದರ ಧಣಿ ಬಸ್ಸಿನಲ್ಲಿ ಜೋತಾಡುತ್ತ, ಮೊಬೈಲಿನಲ್ಲಿ ಅದರ ರೇಟು ನೋಡುತ್ತ ಆಫೀಸಿಗೆ ಹೋಗುತ್ತಿದ್ದ.

ಯುಗಾದಿಯ ಹೊತ್ತಿಗೆ ರೇಟು ನಲವತ್ತು ಮುಟ್ಟಿತು.

"ಮಾರಿಬಿಡಿ ರೀ," ಎಂದಳು ಹೆಂಡತಿ.

"ನಿನಗೆಲ್ಲೋ ಹುಚ್ಚು. ಇನ್ನೂ ಏರುತ್ತೆ ನೋಡ್ತಿರು."

ಶ್ರಾವಣದಲ್ಲಿ ಅದು ಇಪ್ಪತ್ತೈದಕ್ಕೆ ಕುಸಿಯಿತು.

"ಈಗೇನ್ಮಾಡ್ತೀರಿ?"

"ಕೊಂಡಿದ್ದಕ್ಕಿಂತ ಕಮ್ಮಿಗೆ ಹೆಂಗೇ ಮಾರ್ಲಿ?"

ಮಾರಿದರೆ ನಷ್ಟ, ಇಟ್ಟುಕೊಂಡರೆ ಇನ್ನೂ ನಷ್ಟ. ಬಾಯಲ್ಲಿಟ್ಟ ಬಿಸಿ ತುಪ್ಪದಂತೆ ಅದನ್ನು ಉಗುಳಲೂ ಆಗದು, ನುಂಗಲೂ ಆಗದು. ಅವನಿಗೆ ಅನ್ನ ಸೇರದಾಯಿತು.

ಆಯುಧಪೂಜೆಯ ಬೆಳಿಗ್ಗೆ ಅವನು ಸೋತ. "ಪೂಜೆ ಮುಗಿಸಿ, ಬಂದಷ್ಟಕ್ಕೆ ಕೊಟ್ಟು ಕೈ ತೊಳ್ಕೋತೀನಿ. ನಾಲ್ಕು ನಿಂಬೆಹಣ್ಣು ಕೊಡೇ."

ಅವಳು ಅಡುಗೆಮನೆಗೆ ಹೋದಳು. ನಾಲ್ಕು ನಿಂಬೆಹಣ್ಣು ತಂದುಕೊಟ್ಟಳು.

ಟೈರಿನ ಕೆಳಗಿಡಲೆಂದು ಅವನು ಬಗ್ಗಿ ಕವರಿನ ಅಂಚನ್ನು ಎತ್ತಿದ. ಟೈರು ಇರಲಿಲ್ಲ. ಹಿತ್ತಲಿನ ಹಳೇ ಮಂಚದ ಕಾಲಿತ್ತು.

ಹಿಂದೆ ನಿಂತಿದ್ದ ಹೆಂಡತಿ ಮೆಲ್ಲಗೆ ಕೈ ಚಾಚಿದಳು: "ನಲವತ್ತಿದ್ದಾಗಲೇ ಮಾರಿಬಿಟ್ಟೆ ರೀ. ನಿಂಬೆಹಣ್ಣು ಇತ್ತ ಕೊಡಿ, ಚಿತ್ರಾನ್ನಕ್ಕಾಗುತ್ತೆ."